ಆರಬೇಕಿದ್ದ ಬೆಳಕು ಅಲ್ಲೇಕೆ ಉರಿಯುತ್ತಿದೆ?

ಕಳೆದ ಸಂಚಿಕೆಯಲ್ಲಿ ಎಂ 87 ಗೆಲಾಕ್ಸಿಯ ಕಪ್ಪುಕುಳಿಯ ಬಗ್ಗೆ ಬರೆದಿದ್ದೆ. ಅದರಿಂದ ಹೊರಟ ಜೆಟ್ ಎಕ್ಸ್-ರೇಯಲ್ಲೂ ಹೊಳೆಯುತ್ತದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲನ್ನೇ ಹಿಡಿದು ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ತುಂಬಾ ಖುಷಿಯಾಯಿತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ಕಪ್ಪುಕುಳಿ ಬೆಳಕನ್ನೂ ಬಿಡುವುದಿಲ್ಲ ಅಂತೀರಿ. ಹಾಗಾದ್ರೆ ಜೆಟ್ ಹೊರಗೆ ಬರೋದು ಹೇಗೆ? ಅದರ ಎಕ್ಸ್-ರೇ, ಆಸ್ಪತ್ರೆಯ ಎಕ್ಸ್-ರೇ ಎರಡೂ ಒಂದೇನಾ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿರಸಿ

ಜೆಟ್ ಕಪ್ಪುಕುಳಿಯ ಒಳಗಿನಿಂದ ಬರುವುದಿಲ್ಲ. ಒಳಗೆ ಹೋದದ್ದು ಹೋಯಿತು, ವಾಪಸ್ಸಿಲ್ಲ. ಆದರೆ ಬೀಳುವ ಅನಿಲ ನೇರವಾಗಿ ಬೀಳುವುದಿಲ್ಲ, ಸುತ್ತುತ್ತಾ ತಟ್ಟೆಯ ಆಕಾರ ತಾಳುತ್ತದೆ. ಅದರ ಜೊತೆ ಕಾಂತಕ್ಷೇತ್ರವೂ ತಿರುಚಿಕೊಳ್ಳುತ್ತದೆ. ಅಂಚು ದಾಟುವ ಮೊದಲೇ ಸ್ವಲ್ಪ ಪಾಲು ಈ ತಿರುಚಿದ ಕಾಂತಕ್ಷೇತ್ರದ ಬಲದಿಂದ ಅಕ್ಷದ ಎರಡೂ ಕಡೆಗೆ ಚಿಮ್ಮುತ್ತದೆ. ಅದೇ ಜೆಟ್. ಕೆಲವು ಗೆಲಾಕ್ಸಿಗಳಲ್ಲಿ ಅದು ಲಕ್ಷಗಟ್ಟಲೆ ಜ್ಯೋತಿರ್ವರ್ಷ ದೂರ ಹೋಗಿ, ಎರಡು ದೊಡ್ಡ ಮೋಡಗಳಂತೆ ಹರಡಿ, ರೇಡಿಯೊ ಅಲೆಗಳನ್ನು ಹೊರಸೂಸುತ್ತದೆ. ಇಂಥವನ್ನು ರೇಡಿಯೊ ಗೆಲಾಕ್ಸಿ ಅನ್ನುತ್ತೇವೆ.

ಎಕ್ಸ್-ರೇ ಎರಡೂ ಕಡೆ ಒಂದೇ ಜಾತಿ. ಆಸ್ಪತ್ರೆಯದ್ದಕ್ಕೆ ಶಕ್ತಿ ಸ್ವಲ್ಪ ಜಾಸ್ತಿ, ಬಾಹ್ಯಾಕಾಶ ದೂರದರ್ಶಕಗಳು ಸಾಮಾನ್ಯವಾಗಿ ಹಿಡಿಯುವುದು ಅದಕ್ಕಿಂತ ಮೆತ್ತಗಿನದು. ಹುಟ್ಟುವ ರೀತಿ ಮಾತ್ರ ಬೇರೆ. ಆಸ್ಪತ್ರೆಯಲ್ಲಿ ಎಲೆಕ್ಟ್ರಾನ್‌ಗಳನ್ನು ಲೋಹದ ತುಂಡಿಗೆ ಗುದ್ದಿಸುತ್ತಾರೆ. ಜೆಟ್‌ನಲ್ಲಿ ಗುದ್ದಲು ಲೋಹವಿಲ್ಲ. ಅಲ್ಲಿ ಏನಾಗುತ್ತದೆ ಅನ್ನುವುದು ಮುಂದಿನ ಪ್ರಶ್ನೆಯಲ್ಲಿ ಬರುತ್ತದೆ.

ಪ್ರಶ್ನೆ: ಎಂ 87 ಜೆಟ್‌ನ ಎಕ್ಸ್-ರೇ ಚಿತ್ರವನ್ನು ಮೊಮ್ಮಗಳು ಫೋನಿನಲ್ಲಿ ತೋರಿಸಿದಳು. ಮಣಿಸರದ ಹಾಗೆ ಗಂಟುಗಂಟಾಗಿ ಹೊಳೆಯುತ್ತದೆ. ಶಕ್ತಿಯೆಲ್ಲ ಕಪ್ಪುಕುಳಿಯ ಹತ್ತಿರದಿಂದಲೇ ಬರುವುದಾದರೆ, ಅಲ್ಲಿ ತುಂಬಾ ಪ್ರಕಾಶವಾಗಿದ್ದು ದೂರ ಹೋದಂತೆ ಮಂಕಾಗಬೇಕಲ್ಲವೇ? ದೂರದಲ್ಲಿ ಮತ್ತೆ ಮತ್ತೆ ಬೆಳಗುವುದು ಏಕೆ?
– ನಿವೃತ್ತ ಹೈಸ್ಕೂಲ್ ಶಿಕ್ಷಕರು, ಶಿವಮೊಗ್ಗ

ಮೇಷ್ಟ್ರೇ, ಇಡೀ ವಿಷಯದ ತಿರುಳಿಗೇ ಕೈಹಾಕಿದ್ದೀರಿ.

ಈ ಜೆಟ್ ಮೊದಲು ಕಣ್ಣಿಗೆ ಬಿದ್ದದ್ದು 1918ರಲ್ಲಿ. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಹೀಬರ್ ಕರ್ಟಿಸ್ ತೆಗೆದ ಫೋಟೊದಲ್ಲಿ ಗೆಲಾಕ್ಸಿಯ ನಡುವಿನಿಂದ ಒಂದು ನೇರ ಗೆರೆ ಹೊರಟಿತ್ತು. ವಿಚಿತ್ರವಾದ ಗೆರೆ ಎಂದು ಬರೆದಿಟ್ಟರು, ಅಷ್ಟೇ. ಅದೇನೆಂದು ಹೇಳಲು ಆಗ ಯಾರ ಬಳಿಯೂ ಭೌತಶಾಸ್ತ್ರ ಇರಲಿಲ್ಲ. 1956ರಲ್ಲಿ ವಾಲ್ಟರ್ ಬಾಡೆ ಆ ಗೆರೆಯ ಬೆಳಕು ಧ್ರುವೀಕರಣಗೊಂಡಿದೆ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಹೆಚ್ಚಾಗಿ ಆಡುತ್ತಿವೆ ಎಂದು ತೋರಿಸಿದರು. ಬಿಸಿ ಅನಿಲದ ಬೆಳಕು ಹಾಗಿರುವುದಿಲ್ಲ. ಬೆಳಕಿನ ವೇಗಕ್ಕೆ ತೀರಾ ಹತ್ತಿರದಲ್ಲಿ ಓಡುವ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವಾಗ ಬರುವ ಬೆಳಕು ಹಾಗಿರುತ್ತದೆ. ಇದನ್ನು ಸಿಂಕ್ರೊಟ್ರಾನ್ ವಿಕಿರಣ ಅನ್ನುತ್ತಾರೆ.

ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಇಂದೋರ್‌ಗೆ ಹೋಗಿದ್ದೆ. ಅಲ್ಲಿ ಇಂಡಸ್-2 ಎಂಬ ಯಂತ್ರ ಇದೆ. ಸುತ್ತಳತೆ ಸುಮಾರು 172 ಮೀಟರ್. ಅದರ ಕೊಳವೆಯಲ್ಲಿ 250 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳು ಸುತ್ತುತ್ತಿರುತ್ತವೆ. ಬಲವಾದ ಅಯಸ್ಕಾಂತಗಳು ಅವನ್ನು ಬಾಗಿಸುತ್ತವೆ. ಬಾಗುವಾಗ ಎಕ್ಸ್-ರೇ ಹೊರಡುತ್ತದೆ. ಎಂ 87ರಲ್ಲಿ ನಡೆಯುವುದೂ ಇದೇ. ಆದರೆ ಅಲ್ಲಿನ ಕಾಂತಕ್ಷೇತ್ರ ತೀರಾ ದುರ್ಬಲ. ನಮ್ಮ ಭೂಮಿಯ ಕಾಂತಕ್ಷೇತ್ರದ ಸಾವಿರದಲ್ಲೊಂದು ಭಾಗದ ಆಸುಪಾಸು. ಅಯಸ್ಕಾಂತ ದುರ್ಬಲವಾದರೆ ಎಕ್ಸ್-ರೇ ಬರಿಸಲು ಎಲೆಕ್ಟ್ರಾನಿನ ಶಕ್ತಿ ಏರಬೇಕು. ಲೆಕ್ಕ ಹಾಕಿದರೆ ಇಂದೋರ್‌ನ ಎಲೆಕ್ಟ್ರಾನಿಗಿಂತ ಸಾವಿರಾರು ಪಟ್ಟು ಬೇಕಾಗುತ್ತದೆ. ಈ ಲೆಕ್ಕವನ್ನು ತರಗತಿಯ ಬೋರ್ಡಿನ ಮೇಲೆ ಮಾಡಿದಾಗಲೆಲ್ಲ ಮಕ್ಕಳು ಸುಮ್ಮನಾಗಿಬಿಡುತ್ತಿದ್ದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಲೆಕ್ಟ್ರಾನ್ ಹೊಳೆಯುವುದೆಂದರೆ ತನ್ನ ಶಕ್ತಿಯನ್ನು ಖರ್ಚು ಮಾಡುವುದು. ಶಕ್ತಿ ಜಾಸ್ತಿಯಿದ್ದಷ್ಟೂ ಖರ್ಚು ಇನ್ನೂ ಜಾಸ್ತಿ. ರೇಡಿಯೊ ಅಲೆ ಕೊಡುವ ಎಲೆಕ್ಟ್ರಾನಿಗೆ ಶಕ್ತಿ ಕಡಿಮೆ, ಹಾಗಾಗಿ ಅದು ಲಕ್ಷಾಂತರ ವರ್ಷ ಬಾಳುತ್ತದೆ. ಎಕ್ಸ್-ರೇ ಕೊಡುವ ಎಲೆಕ್ಟ್ರಾನಿಗೆ ಸಿಗುವುದು ಕೆಲವು ವರ್ಷ, ಹೆಚ್ಚೆಂದರೆ ಕೆಲವು ದಶಕ. ಆಮೇಲೆ ಅದು ಎಕ್ಸ್-ರೇ ಕೊಡಲಾರದು. ಎಂ 87 ಜೆಟ್‌ನ ಉದ್ದವೋ ಸುಮಾರು 5,000 ಜ್ಯೋತಿರ್ವರ್ಷ. ಕೇಂದ್ರದಿಂದ ಬೆಳಕಿನ ವೇಗದಲ್ಲೇ ಹೊರಟರೂ ತುದಿ ಮುಟ್ಟಲು ಸಾವಿರಾರು ವರ್ಷ ಬೇಕು. ಕೆಲವು ದಶಕ ಬಾಳುವ ಎಲೆಕ್ಟ್ರಾನ್ ಅಷ್ಟು ದೂರ ಹೋಗಿ ಹೊಳೆಯುವುದು ಸಾಧ್ಯವೇ ಇಲ್ಲ. ಶಿವಮೊಗ್ಗದಲ್ಲಿ ನಿಮ್ಮ ಕೈಗೆ ಹಬೆಯಾಡುವ ದೋಸೆ ಸಿಕ್ಕರೆ, ಅದನ್ನು ಬೆಂಗಳೂರಿನಲ್ಲಿ ಹುಯ್ದು ತಂದದ್ದು ಅಂತ ನಂಬುತ್ತೀರಾ? ಒಲೆ ಅಲ್ಲೇ ಎಲ್ಲೋ ಇದೆ.

ಅಂದರೆ ಪ್ರತಿ ಗಂಟಿನಲ್ಲೂ ಎಲೆಕ್ಟ್ರಾನ್‌ಗಳಿಗೆ ಹೊಸದಾಗಿ ವೇಗ ಸಿಗುತ್ತಿದೆ. ಕಪ್ಪುಕುಳಿ ಜೆಟ್ಟಿಗೆ ಚಲನೆಯ ಶಕ್ತಿಯನ್ನೂ ಕಾಂತಶಕ್ತಿಯನ್ನೂ ಕೊಟ್ಟು ಕಳಿಸಿದೆ. ಆ ಶಕ್ತಿಯ ಒಂದು ಪಾಲು ದಾರಿಯಲ್ಲಿ, ಗಂಟುಗಳಲ್ಲಿ, ಎಲೆಕ್ಟ್ರಾನ್‌ಗಳಿಗೆ ವರ್ಗಾವಣೆ ಆಗುತ್ತಿದೆ. ವೇಗವಾಗಿ ಬಂದ ಹರಿವು ನಿಧಾನದ ಹರಿವಿಗೆ ಡಿಕ್ಕಿ ಹೊಡೆದು ಆಘಾತದ ಅಲೆ ಏಳುವುದು ಒಂದು ದಾರಿ. ತಿರುಚಿದ ಕಾಂತರೇಖೆಗಳು ಕಡಿದು ಮತ್ತೆ ಕೂಡಿಕೊಳ್ಳುವುದು ಇನ್ನೊಂದು ದಾರಿ. ರೇಡಿಯೊ ಚಿತ್ರ ಮಾತ್ರ ನೋಡಿದರೆ ಎಲೆಕ್ಟ್ರಾನ್‌ಗಳು ಎಲ್ಲೆಲ್ಲಿಗೆ ಹೋಗಿ ಸೇರಿವೆ ಎಂದು ಗೊತ್ತಾಗುತ್ತದೆ. ಎಕ್ಸ್-ರೇ ಚಿತ್ರ ನೋಡಿದರೆ ಅವಕ್ಕೆ ಎಲ್ಲಿ ವೇಗ ಸಿಗುತ್ತಿದೆ ಎಂದು ಗೊತ್ತಾಗುತ್ತದೆ. ನಾನು ಈ ವಿಷಯಕ್ಕೆ ಅಂಟಿಕೊಂಡಿರುವುದೇ ಈ ಕಾರಣಕ್ಕೆ.

ಒಂದು ಗಂಟಿನ ಕಥೆ ಹೇಳಲೇಬೇಕು. ಅದರ ಹೆಸರು ಎಚ್‌ಎಸ್‌ಟಿ-1. ಹಬಲ್ ದೂರದರ್ಶಕದ ಹೆಸರೇ ಅದಕ್ಕೆ ಬಂದಿದೆ. ಚಿತ್ರದಲ್ಲಿ ಕೇಂದ್ರಕ್ಕೆ ಅಂಟಿಕೊಂಡಂತೆ ಕಾಣುತ್ತದೆ, ಆದರೆ ನಡುವಿನ ಅಂತರ 200 ಜ್ಯೋತಿರ್ವರ್ಷಕ್ಕೂ ಹೆಚ್ಚು. 2000ದಿಂದ ಚಂದ್ರಾ ಎಂಬ ಎಕ್ಸ್-ರೇ ದೂರದರ್ಶಕ ಉಪಗ್ರಹ ಅದನ್ನು ಮತ್ತೆ ಮತ್ತೆ ನೋಡುತ್ತಾ ಬಂತು. ಎಕ್ಸ್-ರೇಯಲ್ಲಿ ಆ ಗಂಟಿನ ಪ್ರಕಾಶ ಏರುತ್ತಾ ಹೋಯಿತು. 2005ರ ಹೊತ್ತಿಗೆ ಐವತ್ತು ಪಟ್ಟಿನಷ್ಟು ಪ್ರಕಾಶ! ಕಪ್ಪುಕುಳಿ ಇರುವ ಕೇಂದ್ರವನ್ನೇ ಮೀರಿಸಿ ಹೊಳೆಯಿತು. ಆಮೇಲೆ ಇಳಿಯಿತು. ಇಷ್ಟು ಬೇಗ ಏರಿ ಇಳಿಯಬೇಕಾದರೆ ಹೊಳೆಯುವ ಜಾಗ ತುಂಬಾ ಚಿಕ್ಕದಿರಬೇಕು. ಯಾಕೆಂದರೆ ಒಂದು ಜಾಗದ ಈ ತುದಿಯಿಂದ ಆ ತುದಿಗೆ ಬೆಳಕು ದಾಟುವಷ್ಟು ಹೊತ್ತಿಗಿಂತ ಬೇಗ ಇಡೀ ಜಾಗ ಒಟ್ಟಿಗೆ ಬದಲಾಗಲಾರದು. ಸಾವಿರಾರು ಜ್ಯೋತಿರ್ವರ್ಷದ ಜೆಟ್‌ನಲ್ಲಿ, ಕೆಲವೇ ಜ್ಯೋತಿರ್ವರ್ಷದ ಒಂದು ಮೂಲೆ ಇಷ್ಟೆಲ್ಲ ಮಾಡಿತು.

2012 ಮತ್ತು 2017ರ ಚಂದ್ರಾ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಈ ಗಂಟು ಚಲಿಸುತ್ತಿದೆ, ಅದೂ ಬೆಳಕಿನ ಆರು ಪಟ್ಟು ವೇಗದಲ್ಲಿ ಚಲಿಸಿದಂತೆ ಕಾಣುತ್ತದೆ. ಗಾಬರಿ ಬೇಡ, ನಿಯಮ ಏನೂ ಮುರಿದಿಲ್ಲ. ಜೆಟ್ ಹೆಚ್ಚುಕಡಿಮೆ ನಮ್ಮ ಕಡೆಗೇ ವಾಲಿಕೊಂಡು, ತನ್ನದೇ ಬೆಳಕಿನ ಬೆನ್ನಿಗೇ ಓಡಿ ಬರುತ್ತಿದೆ. ಹಾಗಾಗಿ ಅಲ್ಲಿನ ಹಲವು ವರ್ಷದ ಸುದ್ದಿ ಒತ್ತೊತ್ತಾಗಿ ಐದೇ ವರ್ಷದಲ್ಲಿ ನಮಗೆ ಬಂದು ತಲುಪುತ್ತದೆ. ಅದೇ ಐದು ವರ್ಷದಲ್ಲಿ ಆ ಗಂಟಿನ ಎಕ್ಸ್-ರೇ ಮುಕ್ಕಾಲು ಪಾಲಿನ ಹತ್ತಿರ ಕುಸಿದಿತ್ತು. ಎಲೆಕ್ಟ್ರಾನ್‌ಗಳು ಶಕ್ತಿ ಕಳೆದುಕೊಳ್ಳುವುದನ್ನು ಕಣ್ಣಾರೆ ಕಂಡಂತೆಯೇ, ಅಲ್ವಾ?

ಪ್ರಶ್ನೆ: ಎಂ 87 ನಮ್ಮ ಮನೆಯಿಂದ ಕಾಣುತ್ತಾ ಮೇಡಂ?
– 8ನೇ ತರಗತಿ ವಿದ್ಯಾರ್ಥಿ, ಮೈಸೂರು

ಮಗೂ, ಮೈಸೂರಿನಿಂದ ನೋಡಲು ಅದಕ್ಕಿಂತ ಒಳ್ಳೆಯ ಗೆಲಾಕ್ಸಿ ಹುಡುಕುವುದು ಕಷ್ಟ. ನಮ್ಮೂರಿನ ಅಕ್ಷಾಂಶ ಸುಮಾರು 12.3 ಡಿಗ್ರಿ. ಆಕಾಶದಲ್ಲಿ ಎಂ 87 ಇರುವುದೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಉತ್ತರದಲ್ಲಿ. ಅಂದರೆ ಅದು ದಿನಕ್ಕೊಮ್ಮೆ ಸರಿಯಾಗಿ ನಿನ್ನ ನೆತ್ತಿಯ ಮೇಲೆ ಹಾದುಹೋಗುತ್ತದೆ. ಏಪ್ರಿಲ್ ಕೊನೆಯಲ್ಲಿ ರಾತ್ರಿ ಹತ್ತು ಹತ್ತೂವರೆಗೆ ನೋಡು. ಬರಿಗಣ್ಣಿಗೆ ಕಾಣುವುದಿಲ್ಲ. ಊರಿನ ದೀಪಗಳಿಂದ ದೂರ ಹೋಗಿ ಸಣ್ಣ ಟೆಲಿಸ್ಕೋಪ್ ಹಿಡಿದರೆ ಒಂದು ದುಂಡನೆಯ ಮಸುಕು ಚುಕ್ಕೆ ಸಿಗುತ್ತದೆ. ಅದರ ಬೆಳಕು ಹೊರಟು ಸುಮಾರು ಐದೂವರೆ ಕೋಟಿ ವರ್ಷವಾಗಿದೆ. ಜೆಟ್ ಮಾತ್ರ ಸಣ್ಣ ಟೆಲಿಸ್ಕೋಪಿಗೆ ಸಿಗದು. ಎಕ್ಸ್-ರೇಯಂತೂ ಯಾವ ಟೆಲಿಸ್ಕೋಪಿಗೂ ನೆಲದ ಮೇಲೆ ಸಿಗದು, ವಾತಾವರಣ ಅದನ್ನು ಮೇಲೆಯೇ ತಡೆದುಬಿಡುತ್ತದೆ. ತಡೆಯದಿದ್ದರೆ ನಾವು ಬದುಕುವುದೂ ಕಷ್ಟವಿತ್ತು.

ಪ್ರಶ್ನೆ: ನಾನಿರುವುದು ಸಿಡ್ನಿಯ ಪರಮಟ್ಟಾದಲ್ಲಿ. ಸೆಂಟಾರಸ್ ಎ ಗೆಲಾಕ್ಸಿಯನ್ನು ಬೈನಾಕ್ಯುಲರ್‌ನಲ್ಲಿ ನೋಡಿದ್ದೇನೆ. ಅದರ ಜೆಟ್ ಕೂಡ ಎಕ್ಸ್-ರೇಯಲ್ಲಿ ಹೊಳೆಯುತ್ತದೆ ಎಂದು ಓದಿದೆ. ಎಲೆಕ್ಟ್ರಾನ್‌ಗಳಿಗೆ ನಿಜವಾಗಿ ಅಷ್ಟು ಶಕ್ತಿ ಇದೆ ಎನ್ನಲು ಬೇರೆ ಸಾಕ್ಷಿ ಇದೆಯೇ?
– ಸಾಫ್ಟ್‌ವೇರ್ ಎಂಜಿನಿಯರ್, ಮೂಲ ಊರು ಹಾಸನ

ನೀವಿರುವ ಊರಿಗೂ ಆ ಗೆಲಾಕ್ಸಿಗೂ ಹಳೆಯ ನಂಟು. 1826ರಲ್ಲಿ ಜೇಮ್ಸ್ ಡನ್ಲಪ್ ಅದನ್ನು ಕಂಡುಹಿಡಿದದ್ದು ಪರಮಟ್ಟಾದಿಂದಲೇ. 1949ರಲ್ಲಿ ಜಾನ್ ಬೋಲ್ಟನ್ ಮತ್ತು ಜೊತೆಗಾರರು ಅದನ್ನೂ ಎಂ 87ನ್ನೂ ಬಲವಾದ ರೇಡಿಯೊ ಮೂಲಗಳೆಂದು ಗುರುತಿಸಿದರು. ಅದೂ ಆಸ್ಟ್ರೇಲಿಯಾದ ಕೆಲಸವೇ. ನಮ್ಮಿಂದ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರ, ರೇಡಿಯೊ ಗೆಲಾಕ್ಸಿಗಳಲ್ಲಿ ಇದೇ ನಮಗೆ ತೀರಾ ಹತ್ತಿರದ್ದು. ಹಾಸನಕ್ಕೆ ಬಂದಾಗಲೂ ನೋಡಬಹುದು, ಮೇ ತಿಂಗಳಲ್ಲಿ ದಕ್ಷಿಣದ ಕಡೆ ಸ್ವಲ್ಪ ಕೆಳಗೆ ಸಿಗುತ್ತದೆ.

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಎಕ್ಸ್-ರೇ ಒಂದನ್ನೇ ನೋಡಿ ಎಲೆಕ್ಟ್ರಾನಿನ ಶಕ್ತಿ ಇಷ್ಟು ಎಂದು ಹೇಳುವಾಗ ಕಾಂತಕ್ಷೇತ್ರದ ಬಗ್ಗೆ ಏನೋ ಒಂದು ಊಹೆ ಮಾಡಿರುತ್ತೇವೆ. ಊಹೆಯಿಲ್ಲದ ಸಾಕ್ಷಿ ಬೇಕಿತ್ತು. ಅದು 2020ರಲ್ಲಿ ನಮೀಬಿಯಾದ ಹೆಸ್ ದೂರದರ್ಶಕಗಳಿಂದ ಬಂತು. ಅವು ಹಿಡಿಯುವುದು ಗಾಮಾ ಕಿರಣ, ಅದೂ ಲಕ್ಷಕೋಟಿ ಎಲೆಕ್ಟ್ರಾನ್ ವೋಲ್ಟ್ ಲೆಕ್ಕದ್ದು. ಸೆಂಟಾರಸ್ ಎಯಿಂದ ಬರುವ ಅಂಥ ಗಾಮಾ ಕಿರಣ ಕೇಂದ್ರದ ಒಂದು ಚುಕ್ಕೆಯಿಂದ ಮಾತ್ರ ಬರುತ್ತಿಲ್ಲ, ಜೆಟ್‌ನ ಉದ್ದಕ್ಕೂ ಹರಡಿಕೊಂಡಿದೆ ಎಂದು ಅವರು ತೋರಿಸಿದರು. ಅಷ್ಟು ಶಕ್ತಿಯ ಗಾಮಾ ಕಿರಣ ಹುಟ್ಟಬೇಕಾದರೆ ಅದಕ್ಕಿಂತ ಹೆಚ್ಚಿನ ಶಕ್ತಿಯ ಎಲೆಕ್ಟ್ರಾನ್ ಹತ್ತಿರದ ಸಾಮಾನ್ಯ ಬೆಳಕಿನ ಕಣಕ್ಕೆ ಗುದ್ದಿ ಅದನ್ನು ಮೇಲೆತ್ತಬೇಕು. ಅಂಥ ಎಲೆಕ್ಟ್ರಾನ್‌ಗಳು ಜೆಟ್ಟಿನುದ್ದಕ್ಕೂ ಇವೆ ಅಂತಾಯಿತು. ಎಕ್ಸ್-ರೇ ಕೊಡುತ್ತಿರುವುದೂ ಅವೇ. ಒಂದೇ ಎಲೆಕ್ಟ್ರಾನ್ ಗುಂಪಿಗೆ ಎರಡು ಬೇರೆ ಬೇರೆ ಸಾಕ್ಷಿ ಸಿಕ್ಕಿತು. ಆ ಸುದ್ದಿ ಓದಿದ ದಿನ ನನಗೆ ಆದ ಸಮಾಧಾನ ದೊಡ್ಡದು.

ಪ್ರಶ್ನೆ: ಸೆಮಿನಾರಿನಲ್ಲಿ ನಾನು, ದೂರದ ಕ್ವೇಸಾರ್‌ಗಳ ಜೆಟ್‌ನ ಎಕ್ಸ್-ರೇ ಸಿಂಕ್ರೊಟ್ರಾನ್ ಅಲ್ಲ, ವಿಶ್ವದ ಹಿನ್ನೆಲೆ ವಿಕಿರಣ ಚದುರಿ ಬಂದದ್ದು ಎಂದು ಹೇಳಿದೆ. ಅದು ಹಳೆಯ ಮಾತು ಎಂದು ಒಬ್ಬರು ತಳ್ಳಿಹಾಕಿದರು. ಯಾವುದು ಸರಿ?
– ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಇಬ್ಬರೂ ಅರ್ಧರ್ಧ ಸರಿ. ಉಳಿದ ಓದುಗರಿಗಾಗಿ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

ಚಂದ್ರಾ ಉಪಗ್ರಹವನ್ನು 1999ರ ಜುಲೈ 23ರಂದು ಕೊಲಂಬಿಯಾ ನೌಕೆ ಹೊತ್ತು ಹಾರಿತು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರೇ ಅದಕ್ಕಿಟ್ಟದ್ದು. ಆಗಸ್ಟ್‌ನಲ್ಲಿ ಅದರ ಫೋಕಸ್ ಸರಿಪಡಿಸಲು ಒಂದು ಚುಕ್ಕೆಯಂಥ ವಸ್ತು ಬೇಕಿತ್ತು. 600 ಕೋಟಿ ಜ್ಯೋತಿರ್ವರ್ಷ ದೂರದ ಪಿಕೆಎಸ್ 0637-752 ಎಂಬ ಕ್ವೇಸಾರನ್ನು ಆರಿಸಿದರು. ಕ್ವೇಸಾರ್ ಅಂದರೆ ಕಪ್ಪುಕುಳಿಯ ಸುತ್ತಲಿನ ಅನಿಲದಿಂದಾಗಿ ಕಣ್ಣು ಕುಕ್ಕುವಂತೆ ಹೊಳೆಯುವ ಗೆಲಾಕ್ಸಿ ಕೇಂದ್ರ. ಬಲವಾದ ರೇಡಿಯೊ ಗೆಲಾಕ್ಸಿಗಳಲ್ಲಿ ಕೆಲವು, ಜೆಟ್ ನಮ್ಮ ಕಡೆ ವಾಲಿರುವಾಗ, ನಮಗೆ ಕ್ವೇಸಾರ್ ಆಗಿ ಕಾಣುತ್ತವೆ. ನೋಡಿದರೆ ಅದು ಚುಕ್ಕೆಯಾಗಿರಲಿಲ್ಲ! ಪಕ್ಕದಲ್ಲಿ ಉದ್ದನೆಯ ಎಕ್ಸ್-ರೇ ಜೆಟ್. ಫೋಕಸ್ ಮಾಡಲು ಹೋದವರಿಗೆ ಮೊದಲ ದಿನವೇ ಒಂದು ಒಗಟು ಸಿಕ್ಕಿತು.

ಒಗಟು ಏನೆಂದರೆ, ಆ ಜೆಟ್‌ನ ರೇಡಿಯೊ ಬೆಳಕನ್ನೂ ಕಣ್ಣಿಗೆ ಕಾಣುವ ಬೆಳಕನ್ನೂ ಅಳೆದು ಗೆರೆ ಮುಂದುವರಿಸಿದರೆ ಎಕ್ಸ್-ರೇ ತೀರಾ ಕಡಿಮೆ ಇರಬೇಕಿತ್ತು. ಇದ್ದದ್ದು ತುಂಬಾ ಜಾಸ್ತಿ. ಆಗ ಬಂದದ್ದು ನೀನು ಹೇಳಿದ ವಿವರಣೆ. ಮಹಾಸ್ಫೋಟದಿಂದ ಉಳಿದ ಮಂದ ವಿಕಿರಣ ವಿಶ್ವದ ಎಲ್ಲ ಕಡೆ ತುಂಬಿದೆ. ಜೆಟ್ ಆ ದೂರದಲ್ಲೂ ಬೆಳಕಿನ ವೇಗದ ಸಮೀಪದಲ್ಲೇ ಓಡುತ್ತಿದ್ದರೆ, ಅದರೊಳಗಿನ ಸಾಧಾರಣ ಎಲೆಕ್ಟ್ರಾನ್‌ಗಳು ಆ ವಿಕಿರಣಕ್ಕೆ ಗುದ್ದಿ ಎಕ್ಸ್-ರೇ ಮಟ್ಟಕ್ಕೆ ಎತ್ತಬಲ್ಲವು. ಚೆಂದದ ವಿಚಾರ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚಿನವರು ಇದನ್ನೇ ಒಪ್ಪಿದ್ದರು.

ಆದರೆ ಇದು ನಿಜವಾದರೆ ಅದೇ ಎಲೆಕ್ಟ್ರಾನ್‌ಗಳು ಗಾಮಾ ಕಿರಣವನ್ನೂ ಕೊಡಲೇಬೇಕು. ಎಷ್ಟು ಎಂದು ಮೊದಲೇ ಲೆಕ್ಕ ಹಾಕಬಹುದು. 2008ರಲ್ಲಿ ಹಾರಿದ ಫರ್ಮಿ ಉಪಗ್ರಹ ವರ್ಷಗಟ್ಟಲೆ ಕಾದು ನೋಡಿತು. 2014ರಲ್ಲಿ 3ಸಿ 273 ಎಂಬ ಕ್ವೇಸಾರ್ ಬಗ್ಗೆ, 2015ರಲ್ಲಿ ಈ ಪಿಕೆಎಸ್ 0637 ಬಗ್ಗೆಯೇ ಫಲಿತಾಂಶ ಬಂತು. ಇರಬೇಕಾದಷ್ಟು ಗಾಮಾ ಕಿರಣ ಇಲ್ಲ. ಹಾಗಾಗಿ ಈ ಎರಡರಲ್ಲಿ ಆ ವಿವರಣೆ ನಿಲ್ಲುವುದಿಲ್ಲ. ಉಳಿಯುವುದು, ತುಂಬಾ ಶಕ್ತಿಯ ಎಲೆಕ್ಟ್ರಾನ್‌ಗಳ ಇನ್ನೊಂದು ಗುಂಪು ಅಲ್ಲಿದ್ದು, ಅದರ ಸಿಂಕ್ರೊಟ್ರಾನ್ ಬೆಳಕೇ ನಮಗೆ ಕಾಣುತ್ತಿದೆ ಅನ್ನುವ ಮಾತು. ದೊಡ್ಡ ಜೆಟ್‌ಗಳ ಎಕ್ಸ್-ರೇ ತಿಂಗಳು, ವರ್ಷಗಳ ಅಂತರದಲ್ಲಿ ಸ್ವಲ್ಪ ಏರಿಳಿಯುತ್ತದೆ ಎಂದೂ ಈಚೆಗೆ ಕಂಡುಬಂದಿದೆ. ಸಾಧಾರಣ ಎಲೆಕ್ಟ್ರಾನ್‌ಗಳು ಬಹುಕಾಲ ಬಾಳುವುದರಿಂದ ಅವುಗಳ ಬೆಳಕು ಹಾಗೆ ಏರಿಳಿಯಬಾರದು. ನನ್ನ ಒಲವು ಸ್ಪಷ್ಟವಾಗಿ ಈ ಎರಡನೇ ಗುಂಪಿನ ಕಡೆಗೆ. ಆದರೆ ಆ ಗುಂಪಿಗೆ ಲಕ್ಷಗಟ್ಟಲೆ ಜ್ಯೋತಿರ್ವರ್ಷದುದ್ದಕ್ಕೂ ವೇಗ ಕೊಡುತ್ತಿರುವುದು ಯಾವುದು? ಇದಕ್ಕೆ ಗಟ್ಟಿ ಉತ್ತರ ಇನ್ನೂ ಇಲ್ಲ.

ಹಾಗೆಂದು ನಿನ್ನ ಮಾತನ್ನು ಪೂರ್ತಿ ತಳ್ಳಿಹಾಕುವುದೂ ತಪ್ಪು. ವಿಶ್ವ ಚಿಕ್ಕದಿದ್ದಾಗ ಆ ಹಿನ್ನೆಲೆ ವಿಕಿರಣ ತುಂಬಾ ದಟ್ಟವಾಗಿತ್ತು. ಜಿಬಿ 1428+4217 ಎಂಬ ಕ್ವೇಸಾರ್‌ನ ಬೆಳಕು ಹೊರಟದ್ದು 1,240 ಕೋಟಿ ವರ್ಷದ ಹಿಂದೆ. ಆಗ ಅಲ್ಲಿ ಅದರ ದಟ್ಟಣೆ ಇಂದಿನ ಸಾವಿರ ಪಟ್ಟಿಗೂ ಜಾಸ್ತಿ. ಅದರ ಎಕ್ಸ್-ರೇ ಜೆಟ್ 2012ರಲ್ಲಿ ಸಿಕ್ಕಿದೆ. ಅಷ್ಟು ದೂರದವಕ್ಕೆ ನಿನ್ನ ವಿವರಣೆಯೇ ಹೊಂದಬಹುದು. ಮುಂದಿನ ಸೆಮಿನಾರಿನಲ್ಲಿ 'ಎಲ್ಲ ಕ್ವೇಸಾರ್‌ಗಳಿಗೂ' ಅನ್ನುವ ಬದಲು ಯಾವ ದೂರದ್ದಕ್ಕೆ ಎಂದು ಹೇಳಿ ಶುರು ಮಾಡು.

ಪ್ರಶ್ನೆ: ಇದರಲ್ಲಿ ಬೆಂಗಳೂರಿನವರು ಏನಾದರೂ ಮಾಡುತ್ತಿದ್ದಾರಾ? ಎಂಜಿನಿಯರಿಂಗ್ ಓದುತ್ತಿದ್ದೇನೆ, ನಾನೇನಾದರೂ ಮಾಡಬಹುದಾ?
– ವಿದ್ಯಾರ್ಥಿ, ತುಮಕೂರು

ಮಾಡುತ್ತಿದ್ದಾರೆ. 2024ರ ಜನವರಿ 1ರಂದು ಇಸ್ರೊ ಹಾರಿಸಿದ ಎಕ್ಸ್‌ಪೋಸ್ಯಾಟ್‌ನಲ್ಲಿ ಪೊಲಿಕ್ಸ್ ಎಂಬ ಉಪಕರಣ ಇದೆ. ಎಕ್ಸ್-ರೇಯ ಧ್ರುವೀಕರಣ ಅಳೆಯುವುದು ಅದರ ಕೆಲಸ. ಅದನ್ನು ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಅದನ್ನು ಸ್ಥಾಪಿಸಿದ ಸಿ.ವಿ. ರಾಮನ್ ಅವರು ಚಂದ್ರಶೇಖರ್ ಅವರ ಚಿಕ್ಕಪ್ಪ. ಪೊಲಿಕ್ಸ್ ಚಿತ್ರ ತೆಗೆಯುವುದಿಲ್ಲ, ಹಾಗಾಗಿ ಎಂ 87ರ ಒಂದೊಂದು ಗಂಟನ್ನು ಬಿಡಿಸಿ ನೋಡಲಾರದು. ಪ್ರಕಾಶವಾದ ಮೂಲಗಳಷ್ಟೇ ಅದಕ್ಕೆ ಸರಿ. 2022ರಲ್ಲಿ ನಾಸಾದ ಐಕ್ಸ್‌ಪಿಇ ಉಪಗ್ರಹ ಮಾರ್ಕೇರಿಯನ್ 501 ಎಂಬ, ಜೆಟ್ ನೇರ ನಮ್ಮ ಕಡೆಗಿರುವ ಗೆಲಾಕ್ಸಿಯಲ್ಲಿ, ಎಕ್ಸ್-ರೇಯ ಧ್ರುವೀಕರಣ ಕಣ್ಣಿಗೆ ಕಾಣುವ ಬೆಳಕಿನದ್ದಕ್ಕಿಂತ ಎರಡು ಪಟ್ಟು ಹೆಚ್ಚಿದೆ ಎಂದು ಅಳೆಯಿತು. ಅಲ್ಲಿ ವೇಗ ಕೊಡುವುದು ಆಘಾತದ ಅಲೆಯೇ ಎಂಬ ವಾದಕ್ಕೆ ಅದರಿಂದ ಬಲ ಬಂತು.

ನೀನು ಏನು ಮಾಡಬಹುದು? ಚಂದ್ರಾ ತೆಗೆದ ಹಳೆಯ ಮಾಹಿತಿಯೆಲ್ಲ ಅದರ ಸಂಗ್ರಹದಲ್ಲಿ ಎಲ್ಲರಿಗೂ ಉಚಿತ. ಅದನ್ನು ಬಿಡಿಸುವ ಸಿಯಾವೊ ಎಂಬ ಸಾಫ್ಟ್‌ವೇರೂ ಉಚಿತ. ಲ್ಯಾಪ್‌ಟಾಪ್ ಇದ್ದರೆ ಸಾಕು. 2000ದ ಎಂ 87 ಮಾಹಿತಿ ಇಳಿಸಿಕೋ, 2005ರದ್ದನ್ನೂ ಇಳಿಸಿಕೋ. ಎಚ್‌ಎಸ್‌ಟಿ-1 ಇರುವ ಜಾಗಕ್ಕೆ ಒಂದು ಚಿಕ್ಕ ವೃತ್ತ ಹಾಕಿ ಎರಡರಲ್ಲೂ ಎಷ್ಟು ಎಕ್ಸ್-ರೇ ಕಣ ಬಿದ್ದಿವೆ ಎಣಿಸು. ಎರಡರ ವೀಕ್ಷಣೆಯ ಅವಧಿ ಬೇರೆ ಇರುತ್ತದೆ, ಅದರಿಂದ ಭಾಗಿಸುವುದನ್ನು ಮರೆಯಬೇಡ. 2005ರಲ್ಲಿ ಗಂಟು ಎಷ್ಟು ಪ್ರಕಾಶವಾಗಿತ್ತೆಂದರೆ ಎರಡು ಕಣ ಒಟ್ಟಿಗೆ ಬಿದ್ದು ಉಪಕರಣ ಅದನ್ನು ಒಂದೇ ಎಂದು ಎಣಿಸಿದ ಸಂದರ್ಭಗಳಿವೆ, ಅದನ್ನೂ ಲೆಕ್ಕಕ್ಕೆ ತೆಗೆದುಕೋ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನೇರವಾಗಿ ಈ ಅಂಕಣಕ್ಕೇ ಬರಿ.